ಸುಟ್ಟ ನೆಲದ ಹಾವಸೆ

ಹೊಲದಂಚಿನಲ್ಲಿ ಕಸಕಡ್ಡಿ ಸುಟ್ಟ ಜಾಗವನ್ನು ಮಳೆಗಾಲದಲ್ಲಿ ಬಾಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬೂದಿ ಬಿದ್ದಷ್ಟು ಅಗಲಕ್ಕೆ ಹಸಿರು ಜಮಖಾನ ಹಾಸಿದಂತೆ ಹಾವಸೆಯೊಂದು ಬೆಳೆದಿರುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಫ್ಯುನೇರಿಯಾ ಹೈಗ್ರೊಮೆಟ್ರಿಕಾ ಎಂದು ಹೆಸರು. ನಮ್ಮ ನೀಲಗಿರಿಯಲ್ಲಷ್ಟೇ ಅಲ್ಲ, ಪ್ರಪಂಚದ ಬಹು ಭಾಗಗಳಲ್ಲಿ ಇದು ಉಂಟು.

ಕೆರೆಯಲ್ಲಿ ತೇಲುವ ಪಾಚಿಯೇ ಬೇರೆ, ಹಾವಸೆಯೇ ಬೇರೆ. ಹಾವಸೆಗೆ ಪುಟ್ಟ ಕಾಂಡವೂ ಎಲೆಗಳೂ ಇವೆ. ಈ ಗಿಡದ ಎತ್ತರ ಕಾಲು ಅಂಗುಲದಷ್ಟು. ತುದಿಯ ಎಲೆಗಳು ಮೊಗ್ಗಿನಂತೆ ಮುಚ್ಚಿಕೊಂಡಿರುತ್ತವೆ. ನಿಜವಾದ ಬೇರಿಲ್ಲ, ಕೂದಲಿನಂಥ ಎಳೆಗಳು ಮಣ್ಣನ್ನು ಹಿಡಿದಿರುತ್ತವೆ. ಗಿಡದ ನೆತ್ತಿಯಿಂದ ಒಂದೆರಡು ಅಂಗುಲದ ತೆಳು ದಂಟು ಏಳುತ್ತದೆ. ಅದರ ತುದಿಯಲ್ಲಿ ತಲೆ ಬಾಗಿದ ಪೇರುಕಾಯಿಯಾಕಾರದ ಪುಟ್ಟ ಕೋಶ. ಬಲಿತಾಗ ದಂಟೂ ಕೋಶವೂ ಕೆಂಪಗಾಗುತ್ತವೆ. ಇದರಲ್ಲಿ ಹೂವಿಲ್ಲ, ಬೀಜವಿಲ್ಲ. ಕೋಶದೊಳಗಿನ ಧೂಳಿನಂಥ ಬೀಜಾಣುಗಳು ಗಾಳಿಗೆ ಹಾರಿ, ತೇವ ಸಿಕ್ಕಲ್ಲಿ ಮೊದಲು ಹಸಿರು ನೂಲಾಗಿ, ಆಮೇಲೆ ಗಿಡವಾಗುತ್ತವೆ.

ಸುಟ್ಟ ನೆಲವೇ ಇದಕ್ಕೇಕೆ ಇಷ್ಟ? ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಮೊದಲಾದ ಸಾರವುಂಟು; ಪೈಪೋಟಿಗೆ ಹುಲ್ಲಿಲ್ಲ. ಒಂದೆರಡು ವರ್ಷದಲ್ಲಿ ಹುಲ್ಲು ಬಂದರೆ ಹಾವಸೆ ತಾನಾಗಿ ಹಿಂದೆ ಸರಿಯುತ್ತದೆ.

ಇದು ಗೊಬ್ಬರ ತಿನ್ನುವ ಕಳೆ ಎಂದು ನಾವೂ ಒಮ್ಮೆ ತಿಳಿದಿದ್ದೆವು. 2022ರ ಬೇಸಿಗೆಯಲ್ಲಿ ನಮ್ಮ ಇಳಿಜಾರು ಹೊಲದ ಎರಡು ಕಡೆ ಕಳೆ ಸುಟ್ಟೆವು. ಮಳೆಗಾಲಕ್ಕೆ ಎರಡೂ ಕಡೆ ಹಾವಸೆ ಹಬ್ಬಿತು. ಒಂದನ್ನು ಗುದ್ದಲಿಯಿಂದ ಕೆರೆದು ಹಾಕಿದೆವು, ಇನ್ನೊಂದಕ್ಕೆ ಬಿಡುವಾಗಲಿಲ್ಲ. ಹಿಂಗಾರಿನ ಒಂದು ಜೋರು ಮಳೆಗೆ, ಕೆರೆದ ಜಾಗದ ಬೂದಿಯೂ ಮೇಲ್ಮಣ್ಣೂ ಕೆಳಗಿನ ಕಾಲುವೆ ಸೇರಿದವು. ಕೆರೆಯದ ಜಾಗದ ಮಣ್ಣು ಇದ್ದಲ್ಲೇ ಇತ್ತು. ಕಾಲು ಅಂಗುಲದ ಗಿಡದಿಂದ ನಾವು ಕಲಿತ ಪಾಠವಿದು.

ಹಾಗೆಂದು ಹಾವಸೆಯೊಂದನ್ನೇ ನಂಬಬಾರದು. ಅದು ಹಿಡಿಯುವುದು ಮಣ್ಣಿನ ಮೇಲುಪದರವನ್ನು ಮಾತ್ರ. ಇಳಿಜಾರಿಗೆ ಅಡ್ಡಬದು, ಹುಲ್ಲಿನ ಸಾಲು ಬೇಕೇ ಬೇಕು. ಕಸವನ್ನು ಸುಡುವುದಕ್ಕಿಂತ ಗೊಬ್ಬರಗುಂಡಿಗೆ ಹಾಕುವುದೇ ಲೇಸು. ಸಸಿಪಾತಿಯಲ್ಲಿ ಹಾವಸೆ ಹೊದಿಕೆಯಾಗಿ ಕಟ್ಟಿಕೊಂಡರೆ ಮೇಲ್ಮಣ್ಣನ್ನು ಹಗುರವಾಗಿ ಸಡಿಲಿಸಿ, ನೀರು ಕಡಿಮೆ ಮಾಡಿರಿ. ಆದರೆ ಇಳಿಜಾರಿನ ಸುಟ್ಟ ಜಾಗದಲ್ಲಿ ಹುಲ್ಲು ಬರುವ ತನಕ ಅದನ್ನು ಕೆರೆಯಬೇಡಿರಿ.

ಮಕ್ಕಳಿಗೊಂದು ಪ್ರಯೋಗ: ಒಣಗಿದ ಕೆಂಪು ದಂಟೊಂದನ್ನು ಕಿತ್ತು, ಬುಡಕ್ಕೆ ಒದ್ದೆ ಬೆರಳು ತಾಗಿಸಿರಿ. ಹಗ್ಗದಂತೆ ಹುರಿಗೊಂಡ ದಂಟು ಬಿಚ್ಚಿಕೊಂಡು ತಲೆ ತಿರುಗುತ್ತದೆ. ಹೆಸರಿನಲ್ಲಿ ‘ಹಗ್ಗ’, ‘ತೇವದ ಅಳತೆ’ ಎಂಬ ಅರ್ಥಗಳು ಸೇರಿರುವುದು ಇದರಿಂದಲೇ.