ಒಬ್ಬನಿಗೊಂದು ಟೆಂಟು, ರಾತ್ರಿಗೆಷ್ಟು ರೂಪಾಯಿ?

ಕಳಸದ ಹತ್ತಿರ ಒಂದು ಕಾಫಿ ತೋಟದ ಅಂಗಳ. ಜೂನ್ ತಿಂಗಳ ಎರಡನೆಯ ವಾರ. ರಾತ್ರಿ ಒಂದೂವರೆಗೆ ಎಚ್ಚರವಾಯಿತು, ಕಾಲಿಗೆ ತಣ್ಣಗಾಗಿ. ಟಾರ್ಚು ಹಾಕಿ ನೋಡಿದೆ. ನೀರು ಬಟ್ಟೆಯಿಂದ ಬರುತ್ತಿರಲಿಲ್ಲ, ಹೊಲಿಗೆಯಿಂದ ಬರುತ್ತಿತ್ತು. ಸೂಜಿ ಚುಚ್ಚಿದ ಒಂದೊಂದು ತೂತಿನಲ್ಲೂ ಒಂದೊಂದು ಹನಿ, ಸಾಲಾಗಿ, ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಗೆ ಟಾರ್ಚಿನ ಬೆಳಕಿಗೆ ಮಿನುಗುತ್ತಿತ್ತು. ‘ವಾಟರ್‌ಪ್ರೂಫ್’ ಎಂದು ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಆ ಟೆಂಟಿಗೆ ನಾನು ಕೊಟ್ಟಿದ್ದು 1,899 ರೂಪಾಯಿ. ಸದ್ದು ಕೇಳಿ ಎದ್ದ ತೋಟದ ಯಜಮಾನರು ಜಗಲಿಯ ದೀಪ ಹಾಕಿ, “ಎಂತ ಮಾರಾಯ್ರೆ, ಒಳಗೆ ಹಾಸಿಗೆ ಇರುವಾಗ ಮಳೆಯಲ್ಲಿ ಮಲಗುವುದು ಯಾವ ಹರಕೆಗೆ?” ಎಂದರು.

ಒಳಗೆ ಹೋಗಿ ಮಲಗಿದೆ. ಬೆಳಿಗ್ಗೆ ಟೆಂಟು ಬಿಚ್ಚುವಾಗ ಫೈಬರ್‌ಗ್ಲಾಸ್ ಕೋಲು ಜೋಡಣೆಯ ಹತ್ತಿರ ಸೀಳಿ, ಕೂದಲಿನಷ್ಟು ಸಣ್ಣ ಸಿಬಿರು ಅಂಗೈಗೆ ಹೊಕ್ಕಿತು. ಆ ಮನೆಯ ಅಜ್ಜಿ ಪಿನ್ನಿನಿಂದ ಅದನ್ನು ಕಿತ್ತು, ಕೊಬ್ಬರಿ ಎಣ್ಣೆ ಸವರಿ ಕಳಿಸಿದರು. ಅಲ್ಲಿಗೆ ಆ ಟೆಂಟಿನ ಆಯುಷ್ಯ ಮುಗಿಯಿತು. ಅದಕ್ಕೆ ಮೊದಲು ಒಂದೇ ಒಂದು ರಾತ್ರಿ, ಮನೆಯ ತಾರಸಿಯ ಮೇಲೆ ಮಗಳನ್ನು ಮಲಗಿಸಿಕೊಂಡು ಬಳಸಿದ್ದೆ. ಎರಡು ರಾತ್ರಿಗೆ 1,899. ಅಂದರೆ ರಾತ್ರಿಗೆ ಹತ್ತಿರಹತ್ತಿರ 950 ರೂಪಾಯಿ. ಆ ಕಾಲಕ್ಕೆ ಆ ದುಡ್ಡಿಗೆ ಅದೇ ಮನೆಯಲ್ಲಿ ನೀರುದೋಸೆ ಸಮೇತ ಹಾಸಿಗೆ ಸಿಗುತ್ತಿತ್ತು.

ಡೈರಿಯ ಕೊನೆಯ ಪುಟದಲ್ಲಿ ಈ ಲೆಕ್ಕ ಬರೆಯುವ ಅಭ್ಯಾಸ ಶುರುವಾದದ್ದು ಅಂದಿನಿಂದ. ಸಾಮಾನಿನ ಬೆಲೆ ಒಂದು ಕಡೆ, ಅದರಲ್ಲಿ ಮಲಗಿದ ರಾತ್ರಿಗಳು ಇನ್ನೊಂದು ಕಡೆ. ಇಡ್ಲಿ ಕುಕ್ಕರಿಗೂ ಟ್ರೆಡ್‌ಮಿಲ್ಲಿಗೂ ಇದೇ ಲೆಕ್ಕ ಹಾಕಬಹುದು. ಆದರೆ ಟ್ರೆಡ್‌ಮಿಲ್ಲಿನ ಲೆಕ್ಕ ಹಾಕಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ, ಬಿಡಿ.

ಬೆನ್ನುಚೀಲ ಹೊತ್ತು ಒಬ್ಬರೇ ನಡೆಯುವ ಹುಚ್ಚು ಹತ್ತಿದವರು ಈಗೀಗ ‘ಕಮ್ಮಿ ದುಡ್ಡಿಗೆ ಒಳ್ಳೇ ಟೆಂಟು ಯಾವುದು?’ ಎಂದು ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಎಲ್ಲಿ ಹಾಕುತ್ತೀರಿ? ಅರ್ಧ ಜನ ಅಲ್ಲೇ ತಡವರಿಸುತ್ತಾರೆ. ಕುದುರೆಮುಖದ ಹಾದಿಯಲ್ಲಿ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು, ರಾತ್ರಿ ತಂಗುವ ಹಾಗಿಲ್ಲ. ನಮ್ಮ ಪಶ್ಚಿಮಘಟ್ಟದ ಬಹುಪಾಲು ಅರಣ್ಯ ಹಾದಿಗಳ ಕಥೆ ಈಗ ಇದೇ. ಉತ್ತರಾಖಂಡದ ಹುಲ್ಲುಗಾವಲುಗಳಲ್ಲಿ, ಅಂದರೆ ಅಲ್ಲಿನವರು ಬುಗ್ಯಾಲ್ ಎನ್ನುವ ಕಡೆಗಳಲ್ಲಿ, ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟು 2018ರಲ್ಲಿ ನಿಷೇಧಿಸಿತು. ಲಡಾಖಿನ ಮಾರ್ಖಾ ಕಣಿವೆಗೆ ಹೋಗುವವರಿಗೆ ಟೆಂಟೇ ಬೇಡ, ಹಳ್ಳಿಹಳ್ಳಿಯಲ್ಲೂ ಹೋಂಸ್ಟೇ ಇದೆ, ಊಟವೂ ಸಿಗುತ್ತದೆ. ಕರ್ನಾಟಕದಲ್ಲಷ್ಟೇ ತಿರುಗುವವರಾದರೆ ನಿಮ್ಮ ಟೆಂಟು ಕಾಣುವುದು ಯಾರದಾದರೂ ತೋಟದ ಅಂಗಳ, ಇಲ್ಲವೇ ನಿಮ್ಮದೇ ತಾರಸಿ. ಅಷ್ಟಕ್ಕೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ನೇರ ಅಭಿಪ್ರಾಯ.

ನನಗೆ ಹಿಮಾಚಲದ ಹುಚ್ಚಿತ್ತು. ಎರಡನೆಯ ಸಲ ಜಾಣನಾಗಿ, ಕೊಳ್ಳುವ ಗೋಜಿಗೆ ಹೋಗದೆ ಮನಾಲಿಯಲ್ಲೇ ಬಾಡಿಗೆಗೆ ತೆಗೆದುಕೊಂಡೆ. ದಿನಕ್ಕೆ 250 ರೂಪಾಯಿ, ಮೇಲೆ 3,000 ಠೇವಣಿ. ಜೋಬ್ರಾದಿಂದ ಹೊರಟು ಚಿಕಾ, ಬಾಲು ಕಾ ಘೇರಾ, ಅಲ್ಲಿಂದ 4,270 ಮೀಟರ್ ಎತ್ತರದ ಹಂಪ್ತಾ ಪಾಸ್ ದಾಟಿ ಆಚೆಯ ಶಿಯಾಗೊರು, ಛತ್ರು. ಈಚೆಗೆ ಕುಲ್ಲು ಕಣಿವೆಯ ಹಸಿರು, ಪಾಸ್ ದಾಟಿದ ಕೂಡಲೇ ಲಾಹೌಲಿನ ಬೋಳು ಕಲ್ಲು. ನೋಡಲು ಪುಣ್ಯ ಬೇಕು. ಆದರೆ ನನಗೆ ಆ ನಾಲ್ಕು ದಿನದಲ್ಲಿ ಚೆನ್ನಾಗಿ ನೆನಪಿರುವುದು ಭುಜದ ನೋವು. ಬಾಡಿಗೆ ಟೆಂಟು ಮೂವರದು, ಗೂಟ ಹಗ್ಗ ಸೇರಿ ನಾಲ್ಕು ಕಿಲೋ ಹತ್ತಿರ ತೂಗುತ್ತಿತ್ತು. ಒಬ್ಬನಿಗೆ ಮೂವರ ಟೆಂಟು ಯಾಕೆ ಎಂದರೆ ಅಂಗಡಿಯಲ್ಲಿ ಇದ್ದದ್ದು ಅದೇ. ಬಾಡಿಗೆ ಅಂಗಡಿಗಳಲ್ಲಿ ಒಬ್ಬರ ಟೆಂಟು ಸಿಗುವುದು ಅಪರೂಪ, ಈಗಲೂ.

ಅಲ್ಲಿಂದ ಬಂದ ಮೇಲೆ ಕೊಳ್ಳಲೇಬೇಕು ಎಂದು ಕೂತೆ. ಮೂರು ತಿಂಗಳು ಓದಿದೆ, ಅಂಗಡಿಗಳಲ್ಲಿ ಟೆಂಟಿನೊಳಗೆ ಮಲಗಿ ನೋಡಿದೆ. ಮಾರುವ ಹುಡುಗರು ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಮಲಗಿ ನೋಡಿದ್ದು ಒಳ್ಳೆಯದೇ ಆಯಿತು. ಉದ್ದ 210 ಸೆಂಟಿಮೀಟರ್ ಎಂದು ಬರೆದಿರುತ್ತದೆ, ಐದೂಮುಕ್ಕಾಲು ಅಡಿಯವನಿಗೆ ಬೇಕಾದಷ್ಟಾಯಿತು ಅನಿಸುತ್ತದೆ. ಆದರೆ ಅದು ನೆಲದ ಅಳತೆ. ಗೋಡೆ ಓರೆಯಾಗಿ ಇಳಿಯುವುದರಿಂದ, ಚಾಪೆ ಹಾಕಿ, ಉಬ್ಬಿದ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದಾಗ ಕಾಲು ಬಟ್ಟೆಗೆ ತಾಗುತ್ತದೆ. ತಾಗಿದ ಕಡೆ ಬೆಳಗಿನ ಹೊತ್ತಿಗೆ ಒದ್ದೆ.

ಮಳೆಯಿಲ್ಲದಿದ್ದರೂ ಒದ್ದೆಯಾಗುವುದು ಯಾಕೆ ಎನ್ನುವುದು ಕೊಳ್ಳುವವರಿಗೆ ತಿಳಿದಿರಬೇಕು. ನಿಮ್ಮ ಉಸಿರಿನಲ್ಲೇ ರಾತ್ರಿಯಿಡೀ ಲೋಟದಷ್ಟು ನೀರು ಹೊರಗೆ ಹೋಗುತ್ತದೆ. ಹೊರಗಿನ ಚಳಿಗೆ ಬಟ್ಟೆ ತಣ್ಣಗಾಗಿರುತ್ತದೆ, ಆವಿ ಅದಕ್ಕೆ ಬಡಿದು ಹನಿಯಾಗುತ್ತದೆ. ಚಹಾ ಪಾತ್ರೆಯ ಮುಚ್ಚಳದ ಒಳಮೈಯನ್ನು ನೆನಪಿಸಿಕೊಳ್ಳಿ. ಒಂದೇ ಪದರದ ಟೆಂಟು ಹಗುರ, ಅಗ್ಗ, ಆದರೆ ಆ ಮುಚ್ಚಳದ ಕೆಳಗೇ ನೀವು ಮಲಗಿರುತ್ತೀರಿ. ಎರಡು ಪದರದ್ದಾದರೆ ಒಳಗೆ ಸೊಳ್ಳೆಪರದೆಯಂಥ ಬಲೆ, ಹೊರಗೆ ನೀರು ತಡೆಯುವ ಹೊದಿಕೆ, ನಡುವೆ ಗಾಳಿಯಾಡುವ ಸಂದು. ಹನಿ ಹೊರಹೊದಿಕೆಯ ಒಳಮೈ ಹಿಡಿದು ಪಕ್ಕಕ್ಕೆ ಇಳಿದು ಹೋಗುತ್ತದೆ. ಇದಕ್ಕಾಗಿ 200-300 ಗ್ರಾಂ ಹೆಚ್ಚು ಹೊರಲು ನಾನು ತಯಾರು. ಜೊತೆಗೆ, ಮಲೆನಾಡಿನವರಿಗೆ ಹೇಳಬೇಕಿಲ್ಲ, ಇಂಬಳಕ್ಕೂ ಆ ಬಲೆ ತಡೆ.

ಇನ್ನು ಆ ಮಿಲಿಮೀಟರ್ ವಿಷಯ. ಟೆಂಟಿನ ಚೀಟಿಯ ಮೇಲೆ 1,500 ಮಿ.ಮೀ., 3,000 ಮಿ.ಮೀ. ಎಂದಿರುತ್ತದೆ. ನನ್ನ ಸಹೋದ್ಯೋಗಿಯೊಬ್ಬ ತುಂಬ ಕಾಳಜಿಯಿಂದ ಕೇಳಿದ್ದ, “ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತಲ್ಲ ಸಾರ್, ಮೂರು ಸಾವಿರದ್ದು ಹೇಗೆ ಸಾಲುತ್ತೆ?” ನಗಬೇಡಿ, ಅಂಗಡಿಯವನಿಗೂ ಉತ್ತರ ಗೊತ್ತಿರಲಿಲ್ಲ. ಅದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಸೋರದೆ ತಡೆಯುತ್ತದೆ ಅನ್ನುವ ಲೆಕ್ಕ. ಮೇಲಿನ ಹೊದಿಕೆಗೆ 1,500 ಇದ್ದರೂ ಸಾಮಾನ್ಯ ಮಳೆಗೆ ನಡೆಯುತ್ತದೆ. ನೆಲಕ್ಕೆ ಮಾತ್ರ ಹೆಚ್ಚು ಬೇಕು, ಯಾಕೆಂದರೆ ಒದ್ದೆ ನೆಲದ ಮೇಲೆ ನೀವು ಮೊಣಕಾಲೂರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಎಷ್ಟೋ ಹೆಚ್ಚು. ಇಷ್ಟೆಲ್ಲ ಇದ್ದೂ ಹೊಲಿಗೆಗೆ ಒಳಗಿನಿಂದ ಟೇಪು ಅಂಟಿಸಿರದಿದ್ದರೆ ಕಳಸದ ಸೀರಿಯಲ್ ಸೆಟ್ಟು ಮತ್ತೆ ಹೊತ್ತಿಕೊಳ್ಳುತ್ತದೆ. ಸಿಲಿಕೋನ್ ಲೇಪದ ನೈಲಾನಿಗೆ ಟೇಪು ಅಂಟುವುದಿಲ್ಲ. ಅಂಥದ್ದನ್ನು ಕೊಂಡರೆ ಟ್ಯೂಬಿನ ಸಿಲಿಕೋನನ್ನು ನಾವೇ ಕುಂಚದಲ್ಲಿ ಹೊಲಿಗೆಗೆ ಬಳಿಯಬೇಕು. ಕೋಲು ಅಲ್ಯುಮಿನಿಯಂ ಆಗಿರಲಿ. ಅದು ಬಗ್ಗುತ್ತದೆ, ಬಗ್ಗಿದ್ದನ್ನು ಹೇಗೋ ನಿಭಾಯಿಸಬಹುದು. ಫೈಬರ್‌ಗ್ಲಾಸ್ ಸೀಳುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಿದೆ. ಎಚ್‌ಎಸ್‌ಆರ್ ಲೇಔಟಿನ ಒಂದು ಫ್ಲ್ಯಾಟಿನಲ್ಲಿ ಒಳ್ಳೆಯ ಕಂಪನಿಯ ಒಬ್ಬರ ಟೆಂಟು, ಅರ್ಧ ಬೆಲೆಗೆ. ಮಾರುತ್ತಿದ್ದ ಹುಡುಗ ಎರಡೇ ಸಲ ಬಳಸಿದ್ದು ಎಂದ, ಸುಳ್ಳಿರಲಿಕ್ಕಿಲ್ಲ. ಚೀಲದ ಬಾಯಿ ಬಿಚ್ಚಿದ ಕೂಡಲೇ ಹುಳಿ ಹಿಡಿದ ವಾಸನೆ ಬಂತು. ನೆಲದ ಬಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಹಲಸಿನ ಮೇಣದ ಹಾಗೆ ಜಿಗುಟು. ಪಾಲಿಯುರೆಥೇನ್ ಲೇಪ ತೇವದಲ್ಲಿ ವರ್ಷಗಟ್ಟಲೆ ಕೂತರೆ ಹೀಗೆ ಕರಗಿಹೋಗುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಒದ್ದೆ ಟೆಂಟನ್ನು ಮಡಚಿ ಮಂಚದ ಕೆಳಗೆ ತಳ್ಳಿದ್ದ ಪಾಪ. ಹಳೆಯದು ಕೊಳ್ಳುವವರು ಜಿಪ್ಪು, ಕೋಲು ನೋಡುವ ಮೊದಲು ಮೂಗಿಟ್ಟು ನೋಡಿ.

ಕಡೆಗೆ ಕೊಂಡದ್ದು ಚೀನಾ ತಯಾರಿಕೆಯ, ಎರಡು ಪದರದ, ಒಬ್ಬರ ಟೆಂಟು. ತನ್ನದೇ ಕೋಲಿಲ್ಲ, ನಡೆಯುವಾಗ ಊರುವ ಟ್ರೆಕ್ಕಿಂಗ್ ಕೋಲನ್ನೇ ನಡುಗಂಬ ಮಾಡಿ ನಿಲ್ಲಿಸಬೇಕು. ಗೂಟ ಸೇರಿ 1,100 ಗ್ರಾಂ. ಬೆಲೆ 11,400. ಹೊಲಿಗೆಗೆ ಬಳಿಯುವ ಸಿಲಿಕೋನಿಗೆ 350, ಅದರ ಜೊತೆ ಬಂದಿದ್ದ ಗೂಟಗಳು ಮೊದಲ ಸಲಕ್ಕೇ ಬಗ್ಗಿದ್ದರಿಂದ ಹೊಸ ಗೂಟಕ್ಕೆ 750. ಒಟ್ಟು 12,500. ಟ್ರೆಕ್ಕಿಂಗ್ ಕೋಲು ನನ್ನ ಹತ್ತಿರ ಮೊದಲೇ ಇತ್ತು, ಇಲ್ಲದವರು ಅದನ್ನೂ ಸೇರಿಸಿಕೊಳ್ಳಬೇಕು. ನೆಲಕ್ಕೆ ಹಾಸಲು ಕಂಪನಿಯದ್ದೇ ಹಾಳೆಗೆ ಎರಡು ಸಾವಿರ ಕೇಳಿದರು. ನಾನು ಮಹಡಿ ಮೇಲಿದ್ದ ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಟೆಂಟಿನ ಅಳತೆಗಿಂತ ನಾಲ್ಕು ಬೆರಳು ಕಮ್ಮಿಯಾಗಿ ಕತ್ತರಿಸಿಕೊಂಡೆ. ಹೊರಗೆ ಚಾಚಿಕೊಂಡರೆ ಅದೇ ಮಳೆನೀರನ್ನು ಒಳಗೆ ಕರೆತರುತ್ತದೆ.

ಇದರ ಕಷ್ಟವೂ ಇದೆ. ತಾನಾಗಿ ನಿಲ್ಲದ ಟೆಂಟು ಇದು, ಗೂಟ ಕಚ್ಚಬೇಕು. ಬರೀ ಕಲ್ಲು ಇರುವ ಕಡೆ ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಟುತ್ತಾ ಮುಕ್ಕಾಲು ಗಂಟೆ ಕೂತಿದ್ದೇನೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಮಳೆಯಲ್ಲಿ ಮಧ್ಯರಾತ್ರಿ ಎದ್ದು ಹಗ್ಗ ಬಿಗಿ ಮಾಡಬೇಕು. ಇದು ಆಗದವರು ಕಮಾನಿನಂಥ ಕೋಲಿರುವ, ಒಂದೂವರೆ ಕಿಲೋದ ಟೆಂಟು ತೆಗೆದುಕೊಳ್ಳಲಿ. ಡೈನೀಮಾ ಬಟ್ಟೆಯ ಅಮೆರಿಕದ ಟೆಂಟುಗಳು ಅರ್ಧ ಕಿಲೋಗೇ ಸಿಗುತ್ತವೆ, ಆದರೆ ಬೆಲೆ 50,000 ದಾಟುತ್ತದೆ. ಉಳಿಸಿದ ಅರ್ಧ ಕಿಲೋವನ್ನು ನಾನು ನನ್ನ ಹೊಟ್ಟೆಯಿಂದಲೇ ಇಳಿಸಬಹುದು ಎಂದು ಹೆಂಡತಿ ಹೇಳಿದಳು. ಆ ಮಾತಿಗೆ ಎದುರಿಲ್ಲ.

ಕೊಳ್ಳುವಾಗ ‘ನೋ ಕಾಸ್ಟ್ ಇಎಂಐ’ ಎಂಬ ಗುಂಡಿ ಕಣ್ಣಿಗೆ ಹೊಡೆಯುವಂತಿತ್ತು. ಬಡ್ಡಿಯನ್ನು ರಿಯಾಯಿತಿಯಾಗಿ ಕಳೆದು ತೋರಿಸಿದರೂ ಕ್ರೆಡಿಟ್ ಕಾರ್ಡಿನವರು ಪ್ರೊಸೆಸಿಂಗ್ ಶುಲ್ಕ ಹಾಕುತ್ತಾರೆ, ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯೂ ನಮ್ಮ ತಲೆಗೇ. ಹಣ ದೊಡ್ಡದಲ್ಲ ಅನ್ನಬಹುದು. ಆದರೆ ತಿರುಗಾಟದ ಸಾಮಾನನ್ನು ಕಂತಿನಲ್ಲಿ ಕೊಂಡವರು, ಕಂತು ಹರಿಯುವ ಮೊದಲೇ ಇನ್ನೊಂದು ಸಾಮಾನಿಗೆ ಕೈ ಹಾಕಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕನ್ನಡಿಯಲ್ಲಿ.

ಈಗ ಡೈರಿಯ ಕೊನೆಯ ಪುಟ. ನಾಲ್ಕು ವರ್ಷದಲ್ಲಿ ಆ ಟೆಂಟಿನಲ್ಲಿ ಮಲಗಿದ್ದು 31 ರಾತ್ರಿ. 12,500ನ್ನು 31ರಿಂದ ಭಾಗಿಸಿದರೆ ರಾತ್ರಿಗೆ 403 ರೂಪಾಯಿ. ಬಾಡಿಗೆಯ 250ಕ್ಕಿಂತ ಇನ್ನೂ ದುಬಾರಿ! ಇವತ್ತು ಮಾರಿದರೆ 5,500 ಕೊಡಲು ಗೆಳೆಯನೊಬ್ಬ ತಯಾರಿದ್ದಾನೆ. ಅದನ್ನು ಕಳೆದರೆ 7,000, ರಾತ್ರಿಗೆ 226. ಬಾಡಿಗೆಗಿಂತ ಬರೀ 24 ರೂಪಾಯಿ ಅಗ್ಗ. ಅಂದರೆ ಈ ಟೆಂಟು ಬಾಡಿಗೆಗೆ ಸಮ ಬರಲು 28 ರಾತ್ರಿ ಬೇಕಾಯಿತು. ವರ್ಷಕ್ಕೆ ನಾಲ್ಕೈದು ರಾತ್ರಿಯಷ್ಟೇ ಹೊರಗೆ ಮಲಗುವವರಿಗೆ ಇದು ಆರು ವರ್ಷದ ಮಾತು. ಅಷ್ಟರಲ್ಲಿ ಲೇಪ ಹಳತಾಗಿರುತ್ತದೆ, ಮಾರುವ ಬೆಲೆಯೂ ಇಳಿದಿರುತ್ತದೆ. ಅವರು ಬಾಡಿಗೆಯಲ್ಲೇ ಇರುವುದು ವಾಸಿ. ದುಡ್ಡಿದ್ದರೆ ಮೊದಲು ಒಳ್ಳೆಯ ಸ್ಲೀಪಿಂಗ್ ಬ್ಯಾಗಿಗೂ ದಪ್ಪ ಚಾಪೆಗೂ ಹಾಕಲಿ. ಟೆಂಟು ಮಳೆಗಾಳಿ ತಡೆಯುತ್ತದೆ, ಚಳಿಯನ್ನಲ್ಲ. ಬಾಲು ಕಾ ಘೇರಾದ ರಾತ್ರಿಯಲ್ಲಿ ನನ್ನನ್ನು ಕಾಪಾಡಿದ್ದು ಆ ನಾಲ್ಕು ಕಿಲೋದ ಟೆಂಟಲ್ಲ, ತಮ್ಮನಿಂದ ಇಸಕೊಂಡು ಹೋಗಿದ್ದ ಸ್ಲೀಪಿಂಗ್ ಬ್ಯಾಗು.

ಆದರೂ ನಾನು ಮಾರುತ್ತಿಲ್ಲ. ಭುಜದ ಮೇಲಿಂದ ಇಳಿದ ಆ ಮೂರು ಕಿಲೋಗೆ ಡೈರಿಯಲ್ಲಿ ಕಾಲಮ್ಮಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಟೆಂಟು ನನಗೇ ಬೇಕು. ಉಳಿದ ತಿಂಗಳುಗಳಲ್ಲಿ ಪರಿಚಯದವರು ಯಾರು ಬೇಕಾದರೂ ಒಯ್ಯಬಹುದು, ಬಾಡಿಗೆ ಇಲ್ಲ. ಮರಳಿ ಕೊಡುವ ಮುಂಚೆ ಎರಡು ದಿನ ನೆರಳಿನಲ್ಲಿ ಹರವಿ ಒಣಗಿಸಬೇಕು, ಅಷ್ಟೇ.