ಮೂಲೆಗೆ ಎರಡು ಗೊಂಚಲು

ಎಂಟನೆಯ ತರಗತಿಯ ಕಾರ್ಯಾನುಭವ ಅವಧಿಗೆ ಕ್ರೋಶಾ ಚೌಕದ ಪಾಠ ಆರಿಸಿಕೊಂಡಿದ್ದೆ. ಮಗುವಿಗೊಂದರಂತೆ 35 ಬಣ್ಣಬಣ್ಣದ ಉಲ್ಲನ್ ಚೌಕಗಳು. ಜೋಡಿಸಿದರೆ 5×7ರ ಹೊದಿಕೆ. (ಹುಡುಗರ ಕೈ ನಾನೆಣಿಸಿದ್ದಕ್ಕಿಂತ ಚುರುಕಾಗಿತ್ತು.) ಕಡ್ಡಿಗೆ ದಾರ ಸುತ್ತಿ ಎಳೆದ ಮೂರು ಕಂಬ ಸೇರಿದರೆ ಒಂದು ಗೊಂಚಲು. ಮೊದಲ ಸುತ್ತಿಗೆ 4 ಗೊಂಚಲು, ನಡುನಡುವೆ ಮೂಲೆಗಾಗಿ ಸರಪಳಿ. ಮುಂದಿನ ಸುತ್ತುಗಳಲ್ಲಿ ಪ್ರತಿ ಮೂಲೆಗೆ ಎರಡು ಗೊಂಚಲು, ಅಂಚಿನ ಸಂದಿಗೆ ಒಂದು.

ಒಬ್ಬ ಹುಡುಗಿಯ ಚೌಕ ಮೂರನೆಯ ಸುತ್ತಿಗೆ ಬಟ್ಟಲಿನಂತೆ ಮುದುರಿತು. ಗಂಟೆ ಹೊಡೆಯುವ ಆತುರದಲ್ಲಿ ನಾನೇ ತೆಗೆದುಕೊಂಡು, ಬಿಚ್ಚಿ, ಹೆಣೆದುಕೊಟ್ಟೆ. ಅವಳು ಕೈಕಟ್ಟಿ ನೋಡುತ್ತಿದ್ದಳು. ಪಾಠ ವೀಕ್ಷಿಸಿದ ಮಾರ್ಗದರ್ಶಕರು ನನ್ನ ಪಾಠಯೋಜನೆಯ ಅಂಚಿನಲ್ಲಿ ಬರೆದರು: ‘ಕಲಿತವರು ಯಾರು?’ ಆ ದಿನ ಬೇಸರವಾಯಿತು, ಸುಳ್ಳೇಕೆ.

ಮರುದಿನ ಹೊಸ ಚೌಕ ಶುರುಮಾಡಿದಳು, ಮತ್ತೆ ಬಟ್ಟಲೇ. ಈ ಸಲ ನಾನು ಕಡ್ಡಿ ಮುಟ್ಟಲಿಲ್ಲ. ಪ್ರತಿ ಸುತ್ತಿನ ಗೊಂಚಲು ಎಣಿಸಿ ಕಪ್ಪುಹಲಗೆಯ ಮೇಲೆ ಬರೆ ಎಂದೆ, ಪಕ್ಕದವಳೂ ಬರೆದಳು. ಪಕ್ಕದವಳದು 4, 8, 12. ಇವಳದು 4, 4, 4. ಸ್ವಲ್ಪ ಹೊತ್ತು ಎರಡನ್ನೂ ದಿಟ್ಟಿಸಿ, “ಮೂಲೆಗೆ ಒಂದೊಂದೇ ಹಾಕ್ಬಿಟ್ಟೀನಿ ಮಿಸ್” ಎಂದವಳೇ ಸರಸರನೆ ಬಿಚ್ಚತೊಡಗಿದಳು.

ಹೊದಿಕೆ ಜೋಡಿಸುವಾಗ ನಾನು ಹೆಣೆದುಕೊಟ್ಟ ಚೌಕವನ್ನು ಅವಳು ಕೊಡಲಿಲ್ಲ. ತನ್ನದನ್ನೇ ಕೊಟ್ಟಳು.