ಮನೆಯ ಚಟ್ನಿಪುಡಿ ಊರೂರಿಗೆ: ಸಣ್ಣ ಉದ್ಯಮ ಬೆಳೆಸುವವರಿಗೆ ಏಳು ಹಂತಗಳು

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾಡಿ ಮಾರುವ ಮನೆಗಳು ಧಾರವಾಡ, ವಿಜಯಪುರ, ಕಲಬುರಗಿ ಕಡೆ ಓಣಿ ಓಣಿಯಲ್ಲೂ ಸಿಗುತ್ತವೆ. ಮೊದಲ ಒಂದೆರಡು ವರ್ಷ ವ್ಯಾಪಾರ ಚೆನ್ನಾಗಿಯೇ ನಡೆಯುತ್ತದೆ. ಗಿರಾಕಿಗಳು ಪರಿಚಯದವರು, ದುಡ್ಡು ಕೈಗೆ ಕೈ ಬರುತ್ತದೆ, ರುಚಿ ಮನೆಯೊಡತಿಯ ಹಿಡಿತದಲ್ಲಿರುತ್ತದೆ. ತೊಂದರೆ ಶುರುವಾಗುವುದು ಆಮೇಲೆ, ಬೇಡಿಕೆ ಹೆಚ್ಚಿದಾಗ. ಹೆಚ್ಚು ಮಾಡಿದರೆ ಹೆಚ್ಚು ಲಾಭ ಎಂದುಕೊಂಡು ಯಂತ್ರ ತಂದವರು ಸಾಲಕ್ಕೆ ಸಿಕ್ಕಿಬೀಳುವುದುಂಟು. ಉದ್ಯಮ ಬೆಳೆಯಬೇಕಾದರೆ ನಿಮ್ಮ ಕೈಯಲ್ಲಿ, ತಲೆಯಲ್ಲಿ ಇರುವುದೆಲ್ಲ ಮೊದಲು ಕಾಗದಕ್ಕೆ ಇಳಿಯಬೇಕು. ಚಟ್ನಿಪುಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಒಂದು ಪೊಟ್ಟಣದ ನಿಜವಾದ ಖರ್ಚು ಬರೆಯಿರಿ

200 ಗ್ರಾಂ ಪೊಟ್ಟಣಕ್ಕೆ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸ್, ಕವರು, ಲೇಬಲ್ ಸೇರಿ 60 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ಮನೆ ಬಾಗಿಲಲ್ಲಿ 100 ರೂಪಾಯಿಗೆ ಮಾರಿದರೆ 40 ಉಳಿಯಿತು ಎನ್ನಿಸುತ್ತದೆ. ಆದರೆ ನಿಮ್ಮ ದುಡಿಮೆಯ ಕೂಲಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದಕ್ಕೆ 10 ಸೇರಿಸಿದರೆ ಖರ್ಚು 70. ಅಂಗಡಿಯವರಿಗೆ 20 ಬಿಟ್ಟುಕೊಟ್ಟರೆ ನಿಮಗೆ ಬರುವುದು 80. ನಡುವೆ ಬಂದ ಡಿಸ್ಟ್ರಿಬ್ಯೂಟರ್ ಇನ್ನೂ 8 ಕೇಳಿದರೆ 72. ಉಳಿದ 2 ರೂಪಾಯಿಯನ್ನು ಹರಿದ ಪೊಟ್ಟಣಗಳು, ವಾಪಸ್ ಬಂದ ಮಾಲು ನುಂಗಿಹಾಕುತ್ತವೆ. ಈ ಲೆಕ್ಕದಲ್ಲಿ ಉಳಿತಾಯ ಕಾಣದಿದ್ದರೆ ಬೆಲೆ ಏರಿಸಿ, ಇಲ್ಲವೇ ನೇರ ಮಾರಾಟದಲ್ಲೇ ಇರಿ. ನಷ್ಟದ ಮಾಲನ್ನು ಹೆಚ್ಚು ಮಾಡಿದರೆ ಹೆಚ್ಚುವುದು ನಷ್ಟವೇ.

ಹಂತ 2: ಕಣ್ಣಂದಾಜನ್ನು ತೂಕಕ್ಕೆ ತನ್ನಿ

ಹೆಚ್ಚಿನವರು ಎಡವುವುದು ಇಲ್ಲಿ. ಎರಡು ಕಿಲೋ ಶೇಂಗಾ ಹುರಿಯುವಾಗ ವಾಸನೆಯಿಂದಲೇ ಹದ ತಿಳಿಯುತ್ತದೆ. ಇಪ್ಪತ್ತು ಕಿಲೋ ಹುರಿಯುವಾಗ ತಳದ ಕಾಳು ಸೀದು ಮೇಲಿನದು ಹಸಿಯಾಗಿಯೇ ಉಳಿದುಬಿಡಬಹುದು. ಶೇಂಗಾದ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ದೊಡ್ಡ ಯಂತ್ರಕ್ಕೆ ಹಾಕಿ ಒಂದೇ ಸಮನೆ ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಹಾಗಾಗಿ ಹುರಿದದ್ದನ್ನು ಪೂರ್ತಿ ಆರಿಸಿ, ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುವಬೇಕು. ಹಸಿ ಬೆಳ್ಳುಳ್ಳಿಯ ನೀರಿನಂಶದಿಂದ ಪುಡಿ ಬೇಗ ಕೆಡುತ್ತದೆ. ಮನೆ ಬಳಕೆಗೆ ನಡೆದದ್ದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಇರುವ ಮಾಲಿಗೆ ನಡೆಯುವುದಿಲ್ಲ.

ಪ್ರತಿ ಸಲ ಮಾಡಿದ ಮಾಲಿಗೂ ಒಂದು ಚೀಟಿ ಇರಲಿ. ತಾರೀಖು, ಶೇಂಗಾ ಎಲ್ಲಿಂದ ಬಂತು, ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಖಾರದ ಗುಂಟೂರು ಎಷ್ಟು, ಉಪ್ಪು ಎಷ್ಟು ಗ್ರಾಂ, ಎಷ್ಟು ನಿಮಿಷ ಹುರಿದದ್ದು, ಹುರಿದವರು ಯಾರು ಎಂದು ಅದರಲ್ಲಿ ಬರೆಯಿರಿ. ಬೂಸ್ಟು ಹಿಡಿದ ಕಾಳನ್ನು ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಪ್ರತಿ ಸಲದ ಮಾಲಿನಿಂದ ಒಂದು ಪೊಟ್ಟಣವನ್ನು ಅವಧಿ ಮುಗಿಯುವ ತನಕ ತೆಗೆದಿಡಿ. ದೂರು ಬಂದಾಗ ಏನಾಯಿತೆಂದು ತಿಳಿಯಲು ಅದೇ ಆಧಾರ. ಎಷ್ಟು ದಿನ ಕೆಡದೆ ಇರುತ್ತದೆ ಎಂಬುದನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಲೇಬಲ್ ಮೇಲೆ ಹಾಕಿ. ಆಹಾರ ತಯಾರಿಕೆಯ ತರಬೇತಿ ಬೇಕೆನ್ನುವವರಿಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ಹಂತ 3: ಕೆಲಸ ಹಂಚಿ, ಹದ ಮಾತ್ರ ಕೈಯಲ್ಲಿರಲಿ

1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಹಪ್ಪಳದ ಕೆಲಸ ನಡೆಯುವ ಕ್ರಮ ನೋಡಿ. ಹಿಟ್ಟು ಸಿದ್ಧವಾಗುವುದು ಸಂಸ್ಥೆಯ ಕೇಂದ್ರದಲ್ಲಿ. ಸದಸ್ಯೆಯರು ಅದನ್ನು ತೂಕ ಮಾಡಿಸಿ ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ ತಂದುಕೊಡುತ್ತಾರೆ. ತಂದದ್ದನ್ನು ಮತ್ತೆ ತೂಗಿ, ಪರೀಕ್ಷಿಸಿ ಪ್ಯಾಕ್ ಮಾಡಲಾಗುತ್ತದೆ. ರುಚಿ ನಿರ್ಧಾರವಾಗುವ ಕೆಲಸ ಒಂದು ಕಡೆ, ಕೈಗಳು ಬೇಕಾದ ಕೆಲಸ ಸಾವಿರಾರು ಮನೆಗಳಲ್ಲಿ.

ನಿಮ್ಮಲ್ಲೂ ಹಾಗೇ ವಿಂಗಡಿಸಿ. ಆರಿಸುವುದು, ಹುರಿಯುವುದು, ತುಂಬುವುದು, ಲೆಕ್ಕ ಬರೆಯುವುದು ಬೇರೆಯವರಿಗೆ ಹೋಗಲಿ. ಮಸಾಲೆ ಕೂಡಿಸುವುದು, ರುಚಿ ನೋಡುವುದು ಸದ್ಯಕ್ಕೆ ನಿಮ್ಮಲ್ಲಿರಲಿ. ಆಮೇಲೆ ಅದನ್ನೂ ಒಬ್ಬರಿಗೆ ಕಲಿಸಿ. ನೀವು ಒಂದು ವಾರ ಮದುವೆಗೆ ಹೋದಾಗಲೂ ಪುಡಿ ಅದೇ ರುಚಿಯಲ್ಲಿ ಬಂದರೆ ಈ ಹಂತ ಮುಗಿದಂತೆ. ಕೆಲಸಗಾರರು 10 ಜನರಾದಾಗ ಇಎಸ್‌ಐ, 20 ಆದಾಗ ಪಿಎಫ್ ಬರುತ್ತದೆ. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 4: ಉದ್ರಿಗೆ ಮಿತಿ ಹಾಕಿ

ತಿಂಗಳಿಗೆ 1000 ಪೊಟ್ಟಣ, ತಲಾ ಖರ್ಚು 70 ರೂಪಾಯಿ ಎಂದರೆ 70,000. ಅಂಗಡಿಯವರು ಎರಡು ತಿಂಗಳಿಗೆ ದುಡ್ಡು ಕೊಟ್ಟರೆ 1,40,000 ರೂಪಾಯಿ ಸದಾ ಹೊರಗಿರುತ್ತದೆ. ವ್ಯಾಪಾರ 4000 ಪೊಟ್ಟಣಕ್ಕೆ ಏರಿದರೆ ಹೊರಗಿರುವುದು 5,60,000. ಶೇಂಗಾ ತಂದ ಮಂಡಿಯವನು, ಕೂಲಿಯವರು ಅಷ್ಟು ದಿನ ಕಾಯುವುದಿಲ್ಲ. ಪುಸ್ತಕದಲ್ಲಿ ಲಾಭ ಇದ್ದೂ ಉದ್ಯಮ ನಿಂತುಹೋಗುವುದು ಹೀಗೆ. ಮೆಣಸಿನಕಾಯಿ ಸುಗ್ಗಿಯಲ್ಲೇ ವರ್ಷಕ್ಕಾಗುವಷ್ಟು ಕೊಳ್ಳುವವರಿಗಂತೂ ಇನ್ನಷ್ಟು ಬಂಡವಾಳ ಬೇಕು.

ಹಾಗಾಗಿ ಪ್ರತಿ ಅಂಗಡಿಗೂ ಉದ್ರಿ ಎಷ್ಟು, ಎಷ್ಟು ದಿನ ಎಂದು ಬರೆದುಕೊಳ್ಳಿ. ಹಳೆಯ ಬಾಕಿ ತೀರದೆ ಹೊಸ ಮಾಲು ಇಳಿಸಬೇಡಿ. ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಕೊಳ್ಳುವವರು ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕು ನಿಮಗಿದೆ, ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ದೊಡ್ಡ ಸೂಪರ್ ಮಾರ್ಕೆಟ್‌ಗೆ ಮಾಲು ಕೊಡುವ ಮುಂಚೆ ಈ ಮಾತನ್ನು ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ.

ಹಂತ 5: ಕಾಗದಪತ್ರ ಸರಿಮಾಡಿಕೊಳ್ಳಿ

ಆಹಾರ ಮಾರುವವರೆಲ್ಲರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವಹಿವಾಟು ಬೆಳೆದಂತೆ ನೋಂದಣಿ ಸಾಲದು, ಪರವಾನಗಿ ಬೇಕಾಗುತ್ತದೆ. 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಕೆಯ ದಿನ, ಹಸಿರು ಚುಕ್ಕೆ ಲೇಬಲ್ ಮೇಲಿರಲಿ. ಕೆಲವರಿಗೆ ಶೇಂಗಾ ಅಲರ್ಜಿ ತರುವುದರಿಂದ ಅದನ್ನೂ ಸ್ಪಷ್ಟವಾಗಿ ಬರೆಯಬೇಕು.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ತೆರಿಗೆಯಿರುವ ಮಾಲನ್ನು ಪುಣೆಗೋ ಹೈದರಾಬಾದಿಗೋ ಕಳಿಸುವುದಾದರೆ ಈ ಮಿತಿಯ ಆಸರೆ ಇರುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಬೋರ್ಡು ಹಾಕಿದರೆ ಲೆಕ್ಕ ಸರಿಹೋಗುವುದಿಲ್ಲ. ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಯವರ, ನೆಂಟರ ಹಣ ಅದರಲ್ಲಿ ಬೆರೆಯದಿರಲಿ.

ಹಂತ 6: ಯಂತ್ರ, ಸಾಲ ಈಗ

ಮೇಲಿನ ಐದೂ ಆದ ಮೇಲೆ ಬ್ಯಾಂಕಿಗೆ ಹೋಗಿ. ಕಿರು ಆಹಾರ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಾಲ ಆಧಾರಿತ ಸಹಾಯಧನ ನಿಗದಿಯಾಗಿದೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯ ಸರ್ಕಾರದ ನಿಗಮವಾದ ಕಪೆಕ್. ಅರ್ಜಿ ತುಂಬಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ನೆರವಾಗುತ್ತಾರೆ. ಯೋಜನೆಯ ಈಗಿನ ಸ್ಥಿತಿಯನ್ನು ಅವರಲ್ಲೇ ಕೇಳಿ. ಸಹಾಯಧನ ಸಿಗುತ್ತದೆಂದು ಬೇಡದ ಯಂತ್ರ ಕೊಳ್ಳಬೇಡಿ. ಈಗಿನ ಯಂತ್ರ ದಿನವಿಡೀ ಓಡಿಯೂ ಬೇಡಿಕೆ ಪೂರೈಸಲಾಗದಿದ್ದರೆ ಮಾತ್ರ ದೊಡ್ಡದಕ್ಕೆ ಕೈಹಾಕಿ.

ಹಂತ 7: ಒಂದೊಂದೇ ಊರು ಹಿಡಿಯಿರಿ

ಧಾರವಾಡದಲ್ಲಿ ನೆಲೆಯಾದ ಮೇಲೆ ಬೆಳಗಾವಿ, ಆಮೇಲೆ ಬೆಂಗಳೂರು. ಪ್ರತಿ ಊರಲ್ಲೂ ಮೂರು ತಿಂಗಳು ಎರಡನ್ನು ಗಮನಿಸಿ: ಅದೇ ಅಂಗಡಿ ಎರಡನೆಯ ಸಲ ಮಾಲು ಕೇಳಿತೇ? ದುಡ್ಡು ಹೇಳಿದ ದಿನಕ್ಕೆ ಬಂತೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಮುಂದಿನ ಊರಿಗೆ ಹೊರಡಿ, ಇಲ್ಲದಿದ್ದರೆ ಇದ್ದಲ್ಲಿಯೇ ಸರಿಪಡಿಸಿ. ಹೊಸ ಹೊಸ ಬಗೆಯ ಪುಡಿ ಸೇರಿಸುವ ಆಸೆಯನ್ನೂ ಅಲ್ಲಿಯವರೆಗೆ ತಡೆದುಕೊಳ್ಳಿ.

ಬೆಳೆಯಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ಐದು ಜನರ ಮನೆ ನಡೆಸುವ, ಸಾಲವಿಲ್ಲದ, ರುಚಿ ಕೆಡದ ಉದ್ಯಮವೂ ಗೆದ್ದ ಉದ್ಯಮವೇ. ಬೆಳೆಸಲೇಬೇಕೆಂದಿದ್ದರೆ ಯಂತ್ರದ ಅಂಗಡಿಗೆ ಹೋಗುವ ಮುಂಚೆ ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ಪೊಟ್ಟಣದ ಖರ್ಚು ಬರೆಯಲು ಕೂತುಕೊಳ್ಳಿ.